ಬಚ್ಚಿಟ್ಟ ರಿಪೋರ್ಟು

ಕೊರೋನಾದ ಎರಡನೇ ಅಲೆಯ ಬೇಸಿಗೆಯಲ್ಲಿ ನನ್ನದೇ ರಕ್ತದ ರಿಪೋರ್ಟನ್ನು ನಾನು ಒಂದು ಸಂಜೆಯಿಂದ ಮರುದಿನ ಬೆಳಿಗ್ಗೆಯವರೆಗೆ ಮನೆಯವರಿಂದ ಮುಚ್ಚಿಟ್ಟೆ. ಓದಲು ಬಾರದವಳಾಗಿದ್ದರೆ ಮಾತು ಬೇರೆ. ಹದಿನಾರು ವರ್ಷದಿಂದ ಹುಬ್ಬಳ್ಳಿಯ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಜನರ ತೋಳಿಗೆ ಪಟ್ಟಿ ಕಟ್ಟಿ ರಕ್ತ ತೆಗೆಯುವುದು, ಮಷಿನ್ನಿಗೆ ಹಾಕುವುದು, ಬಂದ ಅಂಕಿಯನ್ನು ಕಾಗದಕ್ಕೆ ಇಳಿಸುವುದು ನನ್ನ ಕೆಲಸ. ಆ ಅಂಕಿಗಳು ಏನು ಹೇಳುತ್ತಿದ್ದವು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ದಿನಗಳಲ್ಲಿ ಹೀಗೆ ಏನಾದರೊಂದನ್ನು ಬಚ್ಚಿಟ್ಟವರು ಬಹಳ ಜನ ಇದ್ದರು ಎಂದು ಆಮೇಲೆ ತಿಳಿಯಿತು. ಕೆಲವರು ಜ್ವರ ಮುಚ್ಚಿಟ್ಟಿದ್ದರು. ಕೆಲವರು ವಾಸನೆ ಹೋದದ್ದನ್ನು ಹೇಳದೆ ನಾಲ್ಕು ದಿನ ಅಡುಗೆ ಮಾಡಿ ಬಡಿಸಿದ್ದರು. ಅವರಲ್ಲಿ ಯಾರಿಗಾದರೂ ಇದು ಸಿಕ್ಕಲಿ ಎಂದು ಬರೆಯುತ್ತಿದ್ದೇನೆ.

ಆ ಬೇಸಿಗೆಯಲ್ಲಿ ನಮ್ಮ ಲ್ಯಾಬಿನ ಮುಂದೆ ಶಾಮಿಯಾನಾ ಹಾಕಿದ್ದೆವು. ಷಟರ್ ಎತ್ತುವ ಮೊದಲೇ ಜನ ದೂರ ದೂರ ಇಟ್ಟ ಕುರ್ಚಿಗಳಲ್ಲಿ ಬಂದು ಕೂತಿರುತ್ತಿದ್ದರು. ಸಿಆರ್‌ಪಿ, ಫೆರಿಟಿನ್, ಡಿ-ಡೈಮರ್ ಎಂಬ ಹೆಸರುಗಳು ಮೊದಲೆಲ್ಲ ಡಾಕ್ಟರ ಚೀಟಿಯಲ್ಲಿ ಅಪರೂಪಕ್ಕೆ ಕಾಣುತ್ತಿದ್ದವು. ಈಗ ಕಿರಾಣಿ ಅಂಗಡಿಯಲ್ಲಿ ನಿಂತವರ ಬಾಯಲ್ಲೂ ಅವೇ ಇದ್ದವು. ಯಾರಿಗೆ ಮುಂದೆ ಕಷ್ಟವಾಗುತ್ತದೆ, ಯಾರು ಮನೆಯಲ್ಲೇ ಗುಣವಾಗುತ್ತಾರೆ ಎಂಬ ಸುಳಿವು ರಕ್ತದಲ್ಲಿ ಮೊದಲೇ ಸಿಗುತ್ತದೆ ಎಂದು, ಆ ಅಂಕಿಗಳು ಏರಿದಷ್ಟೂ ಅಪಾಯ ಎಂದು ಎಲ್ಲರಿಗೂ ಗೊತ್ತಾಗಿತ್ತು. "ಬಾಯಾರ, ನಮ್ಮಪ್ಪಾರದು ಎಷ್ಟ ಬಂತ್ರಿ?" ಎಂದು ಫೋನಿನಲ್ಲಿ ಕೇಳುವವರ ಹಿಂದೆ ಇಡೀ ಮನೆ ಉಸಿರು ಹಿಡಿದು ನಿಂತಿರುವುದು ಕೇಳಿಸುತ್ತಿತ್ತು.

ನನ್ನನ್ನು ಕಂಗೆಡಿಸುತ್ತಿದ್ದುದು ಬೇರೆ. ಅಂಕಿಗೂ ಮುಖಕ್ಕೂ ತಾಳೆ ಇರುತ್ತಿರಲಿಲ್ಲ. ಒಬ್ಬ ಮಾಸ್ತರರು ತಾವೇ ಬೈಕ್ ಓಡಿಸಿಕೊಂಡು ಬಂದಿದ್ದರು. ಸೂಜಿ ಚುಚ್ಚುವಾಗ, "ಸಾವಕಾಶ್ರಿ ಬಾಯಾರ, ಇನ್ನ ಎರಡು ವರ್ಷ ಸರ್ವೀಸ್ ಐತಿ ನಂದು" ಎಂದು ನಗಿಸಿದ್ದರು. ಮಧ್ಯಾಹ್ನ ಅವರ ರಿಪೋರ್ಟ್ ನೋಡಿ ನಾನು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದೆ. ಅದೇ ಬಂತು. ಸಂಜೆ ಅವರು ಬಂದಾಗ ಲಕೋಟೆ ಕೈಗಿಟ್ಟೆ, ಏನೂ ಹೇಳಲಿಲ್ಲ. ಹೇಳುವುದು ಡಾಕ್ಟರ ಕೆಲಸ, ನಮ್ಮದಲ್ಲ. ಹತ್ತು ಹನ್ನೆರಡು ದಿನದ ಮೇಲೆ ಅವರ ಹೆಂಡತಿ ಆ ರಿಪೋರ್ಟಿನ ಇನ್ನೊಂದು ಪ್ರತಿ ಕೇಳಿಕೊಂಡು ಬಂದರು. ಯಾವುದೋ ಕಚೇರಿಗೆ ಕೊಡಬೇಕಂತೆ. ಅವರ ಹಣೆ ನೋಡಿ ನನಗೆ ತಿಳಿಯಿತು.

ಅದಾದ ಮುಂದಿನ ವಾರವೇ ನಮ್ಮ ಮನೆಗೆ ಬಂತು.

ನಮ್ಮ ಮನೆ ಬೆಂಗೇರಿಯಲ್ಲಿ. ನನ್ನ ಗಂಡ ಮಲ್ಲಿಕಾರ್ಜುನ ಅಲ್ಲೇ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ಮೊದಲು ಅವರಿಗೆ ಜ್ವರ ಬಂತು, ಮರುದಿನ ನನಗೆ. ಇಬ್ಬರದೂ ಪಾಸಿಟಿವ್. ಮಗಳು ಸ್ನೇಹಾಳನ್ನು ನನ್ನ ಗಂಡನ ಅಕ್ಕ ಸುಶೀಲಕ್ಕ ತಮ್ಮ ಮನೆಗೆ ಕರೆದುಕೊಂಡು ಹೋದರು. ಸುಶೀಲಕ್ಕನ ಮನೆ ಎರಡು ಓಣಿ ಆಚೆಗಿದೆ. ದಿನಕ್ಕೆ ಎರಡು ಸಲ ಬಂದು ನಮ್ಮ ಗೇಟಿಗೆ ಊಟದ ಡಬ್ಬಿ ಸಿಕ್ಕಿಸಿ, ದೂರ ನಿಂತು ತಮ್ಮನನ್ನು ಕಿಟಕಿಯಲ್ಲಿ ನೋಡಿಕೊಂಡು ಹೋಗುತ್ತಿದ್ದರು.

ನೋಡಿದವರಿಗೆ ನಿಜಕ್ಕೂ ಗಾಬರಿಯಾಗುವಂತೆ ಇದ್ದವರು ನನ್ನ ಗಂಡನೇ. ಜ್ವರ ನೂರಾ ಮೂರಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ಕೆಮ್ಮಲು ಶುರು ಮಾಡಿದರೆ ಮಂಚದ ಪಟ್ಟಿ ಹಿಡಿದುಕೊಳ್ಳುತ್ತಿದ್ದರು. ನನಗೆ ಸಣ್ಣ ಜ್ವರ, ಮೈಕೈ ನೋವು, ವಾಸನೆ ಹೋಗಿತ್ತು, ಅಷ್ಟೇ. ನಾನು ಕಷಾಯ ಕುದಿಸುತ್ತಿದ್ದೆ, ಅವರ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೆ, ನೆಲ ಒರೆಸುತ್ತಿದ್ದೆ. ಸುಶೀಲಕ್ಕ ಕಿಟಕಿಯಾಚೆಯಿಂದ, "ನೀ ಗಟ್ಟಿ ಇದ್ದಿ ರೇಣುಕಾ, ನಿನ್ನ ಮ್ಯಾಲ ಭಾರ ಹಾಕೇನಿ" ಎಂದಿದ್ದರು.

ನನಗೆ ಜ್ವರ ಬಂದ ಆರನೇ ದಿನ ಮೆಹಬೂಬ್ ಕಾಕಾ ಬಂದರು. ಹಳೇ ಹುಬ್ಬಳ್ಳಿಯವರು, ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ನನಗೆ ಸೂಜಿ ಹಿಡಿಯಲು ಕಲಿಸಿದವರು. ಬಿಳಿ ಗೌನು, ಎರಡು ಮಾಸ್ಕು ಹಾಕಿಕೊಂಡು ಮನೆಯ ಮೆಟ್ಟಿಲ ಮೇಲೇ ಇಬ್ಬರ ರಕ್ತವನ್ನೂ ತೆಗೆದುಕೊಂಡರು. ನನ್ನ ತೋಳು ಹಿಡಿದಾಗ, "ನಿಂದೇನ ಬೇಕಾಗಿಲ್ಲ ಅನಸ್ತೈತಿ, ಆದ್ರೂ ಇರಲಿ" ಎಂದರು.

ಸಂಜೆ ಅವರ ಫೋನು ಬಂತು. ನಾನು ಅಡುಗೆಮನೆಯಲ್ಲಿದ್ದೆ.

"ರೇಣುಕಾ, ಮಲ್ಲಿಕಾರ್ಜುನಂದು ಛಲೋ ಐತಿ. ಸಿಆರ್‌ಪಿ ಹನ್ನೊಂದು ಐತಿ. ಉಳದಿದ್ದೆಲ್ಲ ನಾರ್ಮಲ್."

ನನ್ನ ಕಣ್ಣಲ್ಲಿ ನೀರು ಬಂತು. ಒಲೆಯ ಕಟ್ಟೆಗೆ ಒರಗಿ ನಿಂತೆ. ಅವರು ಮುಂದೆ ಮಾತಾಡಲಿಲ್ಲ. ಆ ಸುಮ್ಮನಿರುವಿಕೆ ನನಗೆ ಪರಿಚಯದ್ದು. ಕೆಟ್ಟ ರಿಪೋರ್ಟ್ ಕೈಯಲ್ಲಿದ್ದಾಗ ನಾನೂ ಹೀಗೇ ಸುಮ್ಮನಾಗುತ್ತಿದ್ದೆ.

"ನಂದ್ರಿ ಕಾಕಾ?"

"ಎರಡ ಸಲ ಮಾಡೇನಿ."

"ಎಷ್ಟೈತ್ರಿ?"

"ನೂರಾ ಮೂವತ್ತೆರಡು. ಫೆರಿಟಿನ್ ಸಾವಿರ ದಾಟೈತಿ. ಡಿ-ಡೈಮರ್ ಸುದ್ದಾ ಏರೈತಿ. ಬಿಳಿ ಕಣದಾಗ ಲಿಂಫೋಸೈಟ್ ಭಾಳ ಕಡಿಮಿ ಅದಾವ. ನೀ ಇವತ್ತ ದವಾಖಾನಿಗೆ ಹೋಗಬೇಕವ್ವಾ" ಎಂದರು.

ನಾನು ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದೆ. ತೊಂಬತ್ತೈದು. ಆ ಹೊತ್ತಿಗೆ ನನಗೆ ಉಸಿರಾಟದ ಕಷ್ಟ ಇರಲಿಲ್ಲ, ಎದೆನೋವು ಇರಲಿಲ್ಲ. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು.

"ಕಾಕಾ, ಇವರ ರಿಪೋರ್ಟ್ ಅಷ್ಟ ಮನಿಯವರ ಫೋನಿಗೆ ಕಳಿಸ್ರಿ. ನಂದು ನನ್ನ ಫೋನಿಗೆ ಇರಲಿ. ಯಾರಿಗೂ ಹೇಳಬ್ಯಾಡ್ರಿ."

"ಯಾಕ?"

ಕಾರಣ ಸಿದ್ಧವಾಗಿತ್ತು. ಎರಡು ದಿನದಿಂದ ಸುಶೀಲಕ್ಕ ಆಸ್ಪತ್ರೆಗಳಿಗೆ ಫೋನ್ ಹಚ್ಚಿ ಹಚ್ಚಿ, ಧಾರವಾಡದ ದಾರಿಯಲ್ಲಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮರುದಿನ ಬೆಳಿಗ್ಗೆ ಆಕ್ಸಿಜನ್ ಇರುವ ಒಂದು ಹಾಸಿಗೆ ಖಾಲಿಯಾಗುತ್ತದೆ ಎಂದು ತಿಳಿದುಕೊಂಡಿದ್ದರು. ರೋಗಿಯನ್ನು ರಿಪೋರ್ಟ್ ಸಮೇತ ಕರೆತನ್ನಿ, ನೋಡಿ ನಿರ್ಧಾರ ಮಾಡುತ್ತೇವೆ ಎಂದು ಅಲ್ಲಿಯವರು ಹೇಳಿದ್ದರು. ಹಾಸಿಗೆ ಒಂದೇ. ನನ್ನ ರಿಪೋರ್ಟ್ ತೋರಿಸಿದರೆ ಅದು ನನಗೆ ಹೋಗುತ್ತಿತ್ತು. ಆಮೇಲೆ ಅವರಿಗೇನಾದರೂ ಆದರೆ? ಇದನ್ನೇ ಕಾಕಾಗೆ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನಾಳೆ ಮುಂಜಾನಿ ಹತ್ತರತನಕ ಸುಮ್ಮನಿರ್ತೇನಿ. ಹತ್ತರ ಮ್ಯಾಲ ನಾನ ಹೇಳಾವ" ಎಂದು ಫೋನಿಟ್ಟರು.

ಬೆಳಿಗ್ಗೆ ಆಟೋ ಬಂತು. ಡ್ರೈವರ್ ತನಗೂ ನಮಗೂ ನಡುವೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡಿದ್ದ. ಗೇಟಿನ ಬಳಿ ಸುಶೀಲಕ್ಕ ನಿಂತಿದ್ದರು. ಅವರ ಹಿಂದೆ ಸ್ನೇಹಾ. ನಾನು ಗಂಡನ ತೋಳು ಹಿಡಿದು ಹತ್ತಿಸಿದೆ. ನಾಲ್ಕು ಮೆಟ್ಟಿಲು ಇಳಿದದ್ದಕ್ಕೇ ನನ್ನ ಎದೆ ಬಡಿದುಕೊಳ್ಳುತ್ತಿತ್ತು. ರಾತ್ರಿ ನಿದ್ದೆ ಇಲ್ಲದ್ದಕ್ಕೆ ಹೀಗೆ ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆಯವರು ಹೀಗೆ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ತಗಡಿನ ಚಪ್ಪರದ ಕೆಳಗೆ ಹತ್ತಿಪ್ಪತ್ತು ಜನ ಕಾಯುತ್ತಿದ್ದರು. ಒಬ್ಬ ಅಜ್ಜನಿಗೆ ಗಾಲಿ ಕುರ್ಚಿಯಲ್ಲೇ ಆಕ್ಸಿಜನ್ ಹಚ್ಚಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಪ್ರತಿಯೊಬ್ಬರ ಕೈಯಲ್ಲೂ ಲಕೋಟೆ ಇತ್ತು. ಎರಡು ಮೂರು ಲಕೋಟೆಗಳ ಮೇಲೆ ನಮ್ಮ ಲ್ಯಾಬಿನ ಮುದ್ರೆ ಕಂಡೆ. ನನ್ನ ರಿಪೋರ್ಟು ಫೋನಿನೊಳಗೆ, ಫೋನು ಪರ್ಸಿನೊಳಗೆ ಇತ್ತು.

ನಮ್ಮ ಸರದಿ ಬಂದಾಗ ಒಂಬತ್ತೂ ಮುಕ್ಕಾಲು. ಡಾಕ್ಟರ್ ಹೆಣ್ಣುಮಗಳು, ನಮ್ಮ ಕಡೆ ಡಾಕ್ಟರ್ ಬಾಯಿ ಎನ್ನುತ್ತಾರೆ, ಚಿಕ್ಕ ವಯಸ್ಸಿನವರು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿದ್ದವು, ಅವು ಕೆಂಪಗಿದ್ದವು. ನನ್ನ ಗಂಡನ ರಿಪೋರ್ಟ್ ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಬೆರಳಿಗೆ ಆಕ್ಸಿಮೀಟರ್ ಹಾಕಿದರು. ಚಪ್ಪರದ ಕೆಳಗೆ ಆ ತುದಿಯಿಂದ ಈ ತುದಿಗೆ ನಡೆಸಿದರು. ಅವರು ಕೆಮ್ಮುತ್ತ ಕೆಮ್ಮುತ್ತ ನಡೆದು ಬಂದರು. ತೊಂಬತ್ತೇಳು ಇದ್ದದ್ದು ತೊಂಬತ್ತಾರಕ್ಕೆ ಇಳಿಯಿತು, ಮತ್ತೆ ಏರಿತು.

"ಇವರಿಗೆ ಸದ್ಯ ಅಡ್ಮಿಟ್ ಬೇಕಾಗಿಲ್ರಿ" ಎಂದರು. "ಜ್ವರ ಭಾಳ ಐತಿ, ಕೆಮ್ಮು ಐತಿ, ಖರೇ. ಆದ್ರ ರಕ್ತದಾಗ ಅಂಥಾದ್ದೇನೂ ಕಾಣವಲ್ದು. ಗುಳಿಗಿ ಬರದ ಕೊಡ್ತೇನಿ, ಮನ್ಯಾಗ ಇರ್ರಿ. ದಿನಾ ಆಕ್ಸಿಜನ್ ನೋಡಿ ಫೋನ್ ಮಾಡ್ರಿ."

ನನ್ನ ಗಂಡ ತಲೆಯಾಡಿಸಿದರು. ಮುಂದಿನವರನ್ನು ಕರೆಯಲು ನರ್ಸು ಬಾಗಿಲ ಕಡೆ ತಿರುಗಿದಳು.

ಆಗ ನನಗೆ ಹೇಳಲು ಅಡ್ಡಿ ಏನಿತ್ತು? ಹಾಸಿಗೆ ಅವರಿಗೆ ಬೇಕಾಗಿಲ್ಲ ಎಂದು ಡಾಕ್ಟರೇ ಹೇಳಿಯಾಗಿತ್ತು. ನಾನು ಕಾಕಾಗೆ ಕೊಟ್ಟ ಕಾರಣ ಅಲ್ಲಿಗೇ ಮುಗಿದಿತ್ತು. ಪರ್ಸಿನಲ್ಲಿ ಕೈ ಹಾಕಿ ಫೋನು ತೆಗೆದು ತೋರಿಸಬೇಕು, ಅಷ್ಟೇ ಕೆಲಸ. ನನ್ನ ಕೈ ಏಳಲಿಲ್ಲ. "ಬರ್ರಿ, ಹೋಗೂಣು" ಎಂದು ಗಂಡನ ತೋಳು ಹಿಡಿದೆ.

ಫೋನು ರಿಂಗಾಯಿತು. ನೋಡಿದರೆ ಮೆಹಬೂಬ್ ಕಾಕಾ. ಸರಿಯಾಗಿ ಹತ್ತು ಗಂಟೆ. ನಾನು ಕಟ್ ಮಾಡಿದೆ. ಮತ್ತೆ ರಿಂಗಾಯಿತು.

"ಯಾರದು?" ಎಂದು ಗಂಡ ಕೇಳಿದರು.

"ಲ್ಯಾಬಿಂದು. ಆಮ್ಯಾಲ ಮಾತಾಡ್ತೇನಿ."

ಮೂರನೇ ಸಲ ರಿಂಗಾದದ್ದು ಅವರ ಫೋನು. ಅವರು ಎತ್ತಿದರು. "ಹೂಂ ಕಾಕಾ" ಎಂದರು. ಆಮೇಲೆ ಕೇಳುತ್ತ ಕೇಳುತ್ತ ನನ್ನ ಕಡೆ ನೋಡತೊಡಗಿದರು. ಕಾಕಾ ಏನು ಹೇಳುತ್ತಿದ್ದಾರೆಂದು ನನಗೆ ಕೇಳಿಸಬೇಕಾಗಿರಲಿಲ್ಲ. ಅವರು ಫೋನು ಕೆಳಗಿಳಿಸಿದರು. ಕೈಚಾಚಿದರು. ನಾನು ಪರ್ಸಿನಿಂದ ನನ್ನ ಫೋನು ತೆಗೆದು ಕೊಟ್ಟೆ. ಅದನ್ನು ಅವರು ಡಾಕ್ಟರ ಮೇಜಿನ ಮೇಲಿಟ್ಟರು.

"ಇದನ್ನ ಒಂದೀಟ ನೋಡ್ರಿ ಮ್ಯಾಡಮ್. ನನ್ನ ಹೇಣ್ತೀದು."

ಡಾಕ್ಟರ್ ಓದಿದರು. ಇನ್ನೊಮ್ಮೆ ಓದಿದರು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ನಿಮಗ ಎಷ್ಟನೇ ದಿವಸ್ರಿ ಇದು?"

"ಏಳನೇದ್ರಿ."

"ನೀವು ಲ್ಯಾಬಿನ್ಯಾಗ ಕೆಲಸ ಮಾಡ್ತೀರಿ?"

"ಹೌದ್ರಿ."

ಮುಂದೆ ಕೇಳುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಕೇಳಲಿಲ್ಲ. "ನಡೀರಿ" ಎಂದು ಚಪ್ಪರದ ಕಡೆ ಕೈ ತೋರಿಸಿದರು.

ನಡೆದೆ. ಮೊದಲ ಸುತ್ತು ಸರಾಗ ಹೋಯಿತು. ಎರಡನೆಯದಕ್ಕೆ ಬಾಯಿ ಒಣಗಿತು. ನಾಲ್ಕನೆಯ ಸುತ್ತಿನಲ್ಲಿ, ಗಾಲಿ ಕುರ್ಚಿಯ ಅಜ್ಜನ ಮುಂದೆ ಬಂದಾಗ, ತಗಡಿನ ಕಂಬ ಹಿಡಿದು ನಿಂತುಬಿಟ್ಟೆ. ನರ್ಸು ನನ್ನ ಬೆರಳು ನೋಡಿ, "ಎಂಬತ್ತೆಂಟು" ಎಂದಳು.

ಹಾಸಿಗೆ ನನಗೆ ಕೊಟ್ಟರು.

ಫೋನಿನಲ್ಲಿ ಸುಶೀಲಕ್ಕನ ದನಿ ಎಷ್ಟು ಜೋರಾಗಿತ್ತೆಂದರೆ ಗಂಡನ ಕಿವಿಯಲ್ಲಿದ್ದ ಮಾತು ನನಗೂ ಕೇಳಿಸಿತು. "ಮುಂಜಾನಿ ತನ್ನ ಕಾಲ್ಲೆ ನಡಕೊಂತ ಬಂದಾಕಿಗೆ ಹಾಸಿಗಿ, ನೀ ಕೆಮ್ಮಿ ಕೆಮ್ಮಿ ಸಾಯಾಕತ್ತಿ, ನಿನಗ ಮನಿ? ಎರಡ ದಿವಸ ನಾ ಯಾರ ಸಲುವಾಗಿ ಫೋನ್ ಹಚ್ಚಿದ್ದೆ? ಯಾವ ನ್ಯಾಯ ಇದು, ಮಲ್ಲು?"

"ಡಾಕ್ಟರ್ ನೋಡ್ಯಾರ, ಅಕ್ಕಾ" ಎಂದರು ಅವರು. ಮತ್ತೆ ಕೆಮ್ಮು ಬಂತು. ಆ ಕೆಮ್ಮಿನ ನಡುವೆಯೇ ಆಸ್ಪತ್ರೆಯವರು ನನ್ನನ್ನು ಒಳಗೆ ಕರೆದುಕೊಂಡು ಹೋದರು. ತಿರುಗಿ ನೋಡಿದಾಗ ಗಂಡ ಮೆಟ್ಟಿಲ ಮೇಲೆ ಕೂತು, ಗುಳಿಗೆಯ ಚೀಟಿಯನ್ನು ಮಡಿಚಿ ಅಂಗಿಯ ಕಿಸೆಗೆ ಇಟ್ಟುಕೊಳ್ಳುತ್ತಿದ್ದರು.

ವಾರ್ಡಿನಲ್ಲಿ ಅದೇ ಡಾಕ್ಟರ್ ಬಾಯಿ ಒಂದು ಕಾಗದ ತಂದರು. ಇಂಥ ರೋಗಿಗಳ ರಕ್ತದಲ್ಲಿ ಯಾವ ಯಾವ ಅಣುಗಳು ಮೊದಲು ಏರುತ್ತವೆ, ಮೊದಲ ದಿನವೇ ಯಾರ ಸ್ಥಿತಿ ಬಿಗಡಾಯಿಸುತ್ತದೆಂದು ಹೇಳಬಹುದೇ ಎಂದು ಅವರು ಕೆಲವರು ಸೇರಿ ಅಧ್ಯಯನ ಮಾಡುತ್ತಿದ್ದರು. ನಡುನಡುವೆ ಒಂದು ಟ್ಯೂಬ್ ರಕ್ತ ಹೆಚ್ಚಿಗೆ ಕೊಡಬೇಕು, ಒಪ್ಪಿಗೆಯೇ ಎಂದು ಕೇಳಿದರು.

"ಇದರಿಂದ ನಿಮಗ ಈಗ ಏನೂ ಉಪಯೋಗ ಆಗೂದಿಲ್ರಿ, ಮೊದಲ ಹೇಳಿಬಿಡ್ತೇನಿ" ಎಂದರು. "ಮುಂದ ಬರಾವ್ರಿಗೆ ಆಗಬಹುದು."

ಸಹಿ ಹಾಕಿದೆ. ರಕ್ತ ತೆಗೆಯಲು ಬಂದ ಹುಡುಗಿಗೆ ಎರಡು ಜೊತೆ ಕೈಗವಸು ಹಾಕಿಕೊಂಡಿದ್ದರಿಂದ ನರ ಸಿಗುತ್ತಿರಲಿಲ್ಲ. ಎಡಗೈಯಲ್ಲಿ ಯಾವ ನರ ಸುಲಭ ಎಂದು ನಾನೇ ತೋರಿಸಿದೆ. ನನ್ನ ರಕ್ತ ಟ್ಯೂಬಿಗೆ ಏರುವುದನ್ನು ನೋಡುತ್ತ ಮಲಗಿದಾಗ, ಇಷ್ಟು ವರ್ಷ ನನ್ನ ಮುಂದೆ ಕೂತವರು ಮುಖ ಆಚೆ ತಿರುಗಿಸುತ್ತಿದ್ದುದು ಯಾಕೆಂದು ಅರ್ಥವಾಯಿತು.

ಮೊದಲ ಎರಡು ದಿನ ನರಕವಾಗಿದ್ದು ಕಾಯಿಲೆಯಿಂದಲ್ಲ. ಮೂಗಿಗೆ ಆಕ್ಸಿಜನ್ನಿನ ನಳಿಕೆ ಹಾಕಿದ್ದರು, ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್ ಕೊಡುತ್ತಿದ್ದರು. ಅದರಲ್ಲಿ ನಾನು ಚೆನ್ನಾಗಿಯೇ ಇದ್ದೆ. ಉಪ್ಪಿಟ್ಟು ತಿಂದೆ. ಇಡೀ ವಾರ್ಡಿನಲ್ಲಿ ನನ್ನಷ್ಟು ಗಟ್ಟಿಯಾಗಿ ಮಾತಾಡುವವರು ಇರಲಿಲ್ಲ. ಗಂಡನಿಗೆ ಅತ್ತ ಜ್ವರ ಇಳಿದಿರಲಿಲ್ಲ. ಅವರ ಹಾಸಿಗೆಯ ಮೇಲೆ ನಾನು ಮಲಗಿದ್ದೇನೆ, ಮಷಿನ್ನು ತಪ್ಪಿರಬಹುದು, ಟ್ಯೂಬುಗಳೇ ಅದಲು ಬದಲಾಗಿರಬಹುದು ಎಂದು ಯೋಚನೆ ಹತ್ತಿತು. ಕಾಕಾ ಮೂವತ್ತು ವರ್ಷದಲ್ಲಿ ಒಂದು ಟ್ಯೂಬ್ ಅದಲು ಬದಲು ಮಾಡಿದವರಲ್ಲ. ಆದರೂ ಫೋನ್ ಮಾಡಿ ಕೇಳಿದೆ.

"ಹೆಸರು ನಾನ ಬರದು ಹಚ್ಚೇನಿ, ನಿಮ್ಮ ಮುಂದ, ನಿಮ್ಮ ಮನಿ ಮೆಟ್ಟಲ ಮ್ಯಾಲ" ಎಂದರು. ಕೋಪ ಮಾಡಿಕೊಳ್ಳಲಿಲ್ಲ. "ನೀ ಊಟ ಮಾಡು. ತಲಿಗೆ ಏನೂ ಹಚ್ಚಿಕೋಬ್ಯಾಡ."

ಗಂಡನಿಗೆ ಫೋನ್ ಮಾಡಿ ಆಕ್ಸಿಜನ್ ಎಷ್ಟಿದೆ ಎಂದು ಕೇಳಿದರೆ ಯಾವಾಗಲೂ "ಛಲೋ ಐತಿ" ಎನ್ನುತ್ತಿದ್ದರು. ನಾನು ಮುಚ್ಚಿಟ್ಟಂತೆ ಅವರೂ ಮುಚ್ಚಿಡುತ್ತಿರಬಹುದು ಎಂದು, ಬೆರಳಿಗೆ ಆಕ್ಸಿಮೀಟರ್ ಹಾಕಿಕೊಂಡ ಫೋಟೋ ಕಳಿಸಿರೆಂದು ಹಟ ಹಿಡಿದೆ. ಮೋಟರ್ ಕೆಲಸದಿಂದ ಕಪ್ಪಾದ ಅವರ ಉಗುರು, ಅದರ ಮೇಲೆ ತೊಂಬತ್ತಾರು. ದಿನಕ್ಕೆ ಮೂರು ಫೋಟೋ ಬರುತ್ತಿದ್ದವು. ಸುಶೀಲಕ್ಕ ಮಾತ್ರ ನನ್ನ ಫೋನು ಎತ್ತಲಿಲ್ಲ. ಮಗಳೊಡನೆ ಮಾತಾಡಬೇಕೆಂದರೂ ಗಂಡನ ಮೂಲಕವೇ ಹೇಳಿಕಳಿಸಬೇಕಾಯಿತು.

ನನ್ನ ಪಕ್ಕದ ಹಾಸಿಗೆಯಲ್ಲಿ ಗಂಗವ್ವ ಇದ್ದರು. ನವಲಗುಂದದ ಕಡೆಯವರು, ಅರವತ್ತು ದಾಟಿದವರು. ನಾನು ಲ್ಯಾಬಿನವಳೆಂದು ತಿಳಿದ ಮೇಲೆ ದಿನಾ ತಮ್ಮ ರಿಪೋರ್ಟು ನನ್ನಿಂದ ಓದಿಸುತ್ತಿದ್ದರು. ಅವರ ಎಲ್ಲ ಅಂಕಿಗಳೂ ಇಳಿಯುತ್ತಿದ್ದವು. "ಛಲೋ ಆಗೇತ್ರಿ ಅವ್ವಾರ, ಇನ್ನೊಂದು ನಾಲ್ಕು ದಿನದಾಗ ಮನಿಗೆ ಕಳಸ್ತಾರ" ಎಂದೆ. ಅವರು ಆಗಲೇ ಊರಿಗೆ ಫೋನ್ ಮಾಡಿ ಎಮ್ಮೆ ಯಾರು ಹಿಂಡುತ್ತಿದ್ದಾರೆ ಎಂದು ವಿಚಾರಿಸತೊಡಗಿದ್ದರು.

ಮೂರನೇ ದಿನ ಮಧ್ಯಾಹ್ನ ನಾನು ಬಚ್ಚಲಿಗೆ ಹೋಗಿ ಬಂದೆ. ಹತ್ತು ಹೆಜ್ಜೆಯ ದಾರಿ. ಹಾಸಿಗೆಗೆ ಮರಳಿದಾಗ ಉಸಿರು ಒಳಗೆ ಹೋಗುತ್ತಿತ್ತು, ಎಲ್ಲೂ ತಲುಪುತ್ತಿರಲಿಲ್ಲ. ಬಾವಿಗೆ ಬಿಟ್ಟ ಕೊಡ ನೀರು ಮುಟ್ಟದೆ ಮೇಲೆ ಬಂದಂತೆ. ಶಕುಂತಲಾ ಎಂಬ ನರ್ಸು ಓಡಿ ಬಂದಳು. ಮಾಸ್ಕು ಹಾಕಿದರು, ಅದು ಸಾಲದೆ ಜೋರಾಗಿ ಗಾಳಿ ನುಗ್ಗಿಸುವ ದಪ್ಪ ನಳಿಕೆ ಹಾಕಿದರು. ಬೋರಲು ಮಲಗಿಸಿದರು. ಆಮೇಲೆ ನಾಲ್ಕು ದಿನ ನಾನು ಕಂಡದ್ದು ಹೆಚ್ಚಾಗಿ ದಿಂಬಿನ ಅಂಚು ಮತ್ತು ನೆಲ.

ಡಾಕ್ಟರ್ ಬಾಯಿ ನನ್ನ ಕಿವಿಯ ಹತ್ತಿರ ಬಗ್ಗಿ, "ಗಂಟಲಿಗೆ ಟ್ಯೂಬ್ ಹಾಕೂ ಪ್ರಸಂಗ ಬಂದ್ರ ಹಾಕಬೇಕಾಗ್ತೈತ್ರಿ. ನಿಮ್ಮ ಮನಿಯವರಿಗೆ ಫೋನ್ ಮಾಡಿ ಕೇಳೇನಿ. ಬರಲಾರದಂಗ ನೋಡೂಣು" ಎಂದರು.

ನಾನು ಬೆರಳಾಡಿಸಿ ಕಾಗದದ ಸನ್ನೆ ಮಾಡಿದೆ. ಅಂಕಿ ಎಷ್ಟು?

"ಈಗ ನೀವು ಪೇಶಂಟ್ ಅದೀರಿ. ನಂಬರ್ ನಾ ನೋಡ್ತೇನಿ, ನೀವು ಉಸಿರಾಡ್ರಿ."

ಮರುದಿನ ಬೆಳಿಗ್ಗೆ ಪಕ್ಕಕ್ಕೆ ಹೊರಳಿಸಿದಾಗ ಗಂಗವ್ವನ ಹಾಸಿಗೆಯಲ್ಲಿ ಬೇರೊಬ್ಬರಿದ್ದರು. ಗಂಗವ್ವನನ್ನು ಮನೆಗೆ ಕಳಿಸಿದರೇ ಎಂದು ಶಕುಂತಲಾಳನ್ನು ಕಣ್ಣಲ್ಲೇ ಕೇಳಿದೆ. ಅವಳು ನನ್ನ ಚಾದರ ಸರಿಪಡಿಸಿದಳು. ಮತ್ತೆ ಕೇಳಿದೆ. "ಬೆಳಗಾಗೂದರೊಳಗ ಒಮ್ಮೆಲೆ ಎದಿಗೆ ಏನೋ ಆತ್ರಿ ಅಕ್ಕಾರ" ಎಂದಳು. ಆ ರಿಪೋರ್ಟುಗಳನ್ನು ಓದಿ ಭರವಸೆ ಕೊಟ್ಟವಳು ನಾನು. ಇಳಿಯುವ ಅಂಕಿಯೂ ಯಾರನ್ನೂ ಕಾಪಾಡುವುದಿಲ್ಲ ಎಂದಾದರೆ, ಏರಿದ ಅಂಕಿಯ ನನಗೆ ಏನಿದೆ ಎಂದು ಬೋರಲು ಬಿದ್ದೇ ಯೋಚಿಸಿದೆ. ಅಳಬೇಕೆನಿಸಿತು. ಅತ್ತರೆ ಉಸಿರು ಸಾಲುತ್ತಿರಲಿಲ್ಲ, ಅದಕ್ಕೆ ಅಳಲಿಲ್ಲ.

ಅಂದು ಸಂಜೆ ಶಕುಂತಲಾ ಫೋನು ನನ್ನ ಕಿವಿಗೆ ಹಿಡಿದಳು. ಗಂಡ ಎಂದುಕೊಂಡೆ. ಸುಶೀಲಕ್ಕ.

"ಮಾತಾಡಬ್ಯಾಡ, ದಮ್ಮು ಉಳಿಸ್ಕೋ. ನಾ ಅಷ್ಟ ಮಾತಾಡ್ತೇನಿ" ಎಂದರು. "ಮಲ್ಲುಗ ಜ್ವರ ಬಿಟ್ಟೈತಿ. ಇವತ್ತ ಒಂದೂವರಿ ರೊಟ್ಟಿ ತಿಂದಾನ. ಆ ಹಾಸಿಗಿ ಅವಂಗ ಸಿಕ್ಕಿದ್ರ ಇಷ್ಟೊತ್ತಿಗೆ ನೀ ಮನ್ಯಾಗ ಇರ್ತಿದ್ದಿ, ಆಕ್ಸಿಜನ್ ಇಲ್ದ. ನಾ ಹೆಂಗ ಮಾತಾಡಿದೆ ಆವತ್ತ." ಅವರು ಮೂಗು ಎಳೆದುಕೊಳ್ಳುವುದು ಕೇಳಿಸಿತು. "ಸ್ನೇಹಾ ಇಲ್ಲೇ ಅದಾಳ. ಆಕೀ ತಲಿ ನಾನ ಬಾಚಾಕತ್ತೇನಿ. ನೀ ಬಾ."

ಆ "ನೀ ಬಾ" ಎಂಬುದನ್ನು ಅವರು ಊಟಕ್ಕೆ ಕರೆಯುವ ದನಿಯಲ್ಲೇ ಹೇಳಿದ್ದರು. ಆ ಮಾತು ಹಿಡಿದುಕೊಂಡು ಎರಡು ದಿನ ಕಳೆದೆ.

ವಾರ್ಡಿನ ಆಯಾ ಒಬ್ಬರು ಇದ್ದರು, ಹೆಸರು ಕೇಳುವುದೇ ಆಗಲಿಲ್ಲ. ಬೋರಲು ಮಲಗಿ ಮಲಗಿ ಗಂಟಾಗಿದ್ದ ನನ್ನ ಕೂದಲನ್ನು ಅವರು ಕೈಗವಸಿನ ಬೆರಳಲ್ಲೇ ಬಿಡಿಸಿ ಎರಡು ಜಡೆ ಹಾಕಿದರು. ಅವರು ಜಡೆ ಹಾಕುತ್ತಿದ್ದ ಕಾಲು ಗಂಟೆ ನಾನು ಉಸಿರನ್ನು ಎಣಿಸಲಿಲ್ಲ. ಹಾಸಿಗೆ ಹಿಡಿದ ಮೇಲೆ ಅದೇ ಮೊದಲು.

ಆಸ್ಪತ್ರೆ ಸೇರಿದ ಆರನೇ ದಿನ ಬೆಳಿಗ್ಗೆ ಡಾಕ್ಟರ್ ಬಾಯಿ ಬಾಗಿಲ ಬಳಿ ನಿಂತು ಹೊಸ ರಿಪೋರ್ಟು ನೋಡುತ್ತಿದ್ದರು. ಶಕುಂತಲಾ ಅವರ ಭುಜದ ಮೇಲಿಂದ ಇಣುಕಿದಳು. ನನಗೆ ನಂಬರ್ ಹೇಳಬಾರದೆಂದು ಅವಳಿಗೆ ಅಪ್ಪಣೆ ಇತ್ತು. ಹೇಳಲಿಲ್ಲ. ಡಾಕ್ಟರ ಬೆನ್ನ ಹಿಂದೆ ನಿಂತು ಕೈಗವಸಿನ ಹೆಬ್ಬೆರಳನ್ನು ಕೆಳಗೆ ತೋರಿಸಿದಳು. ಇಳಿದಿದೆ. ಗಂಗವ್ವನನ್ನು ಕಂಡವಳಾದ್ದರಿಂದ ನಾನು ಆ ಬೆರಳನ್ನು ಪೂರ್ತಿ ನಂಬಲಿಲ್ಲ. ಆದರೂ ಅಂದು ಎರಡು ಚಮಚ ಗಂಜಿ ಹೆಚ್ಚಿಗೆ ಕುಡಿದೆ. ಟ್ಯೂಬ್ ಹಾಕುವ ಪ್ರಸಂಗ ಬರಲಿಲ್ಲ. ಹದಿನೇಳನೇ ದಿನ ಮನೆಗೆ ಬಂದೆ.

ಮನೆಯ ನಾಲ್ಕು ಮೆಟ್ಟಿಲು ಹತ್ತಲು ಎರಡು ಸಲ ಕೂರಬೇಕಾಯಿತು. ಕೂದಲು ಮುಷ್ಟಿ ಮುಷ್ಟಿ ಉದುರಿತು. ಮೂರು ತಿಂಗಳು ಲ್ಯಾಬಿಗೆ ಹೋಗಲಿಲ್ಲ. ಎಡ ಶ್ವಾಸಕೋಶದ ಕೆಳಭಾಗದಲ್ಲಿ ಇನ್ನೂ ಒಂದಿಷ್ಟು ಗಾಯದ ಗುರುತಿದೆ, ಮೆಟ್ಟಿಲು ಹತ್ತಿದರೆ ಅದು ನೆನಪು ಮಾಡಿಕೊಡುತ್ತದೆ. ಅದರೊಂದಿಗೆ ಬದುಕಬಹುದು. ಬದುಕುತ್ತಿದ್ದೇನೆ.

ಆ ದಿನದ ಬಗ್ಗೆ ನನ್ನ ಗಂಡ ನನ್ನನ್ನು ಏನೂ ಕೇಳಿರಲಿಲ್ಲ. ಮೇಜಿನ ಮೇಲೆ ಫೋನಿಟ್ಟ ಆ ಕ್ಷಣದ ಮಾತು ಮನೆಯಲ್ಲಿ ಎತ್ತಿದವರೇ ಇಲ್ಲ. ಒಂದು ವರ್ಷದ ಮೇಲೆ ಅಧ್ಯಯನಕ್ಕೆ ಕೊನೆಯ ಸಲ ರಕ್ತ ಕೊಡಲು ಆಸ್ಪತ್ರೆಗೆ ಕರೆದರು. ಇಬ್ಬರೂ ಬೈಕಿನಲ್ಲಿ ಹೋದೆವು. ಅಂಗಳದಲ್ಲಿ ತಗಡಿನ ಚಪ್ಪರ ಇರಲಿಲ್ಲ. ಡಾಕ್ಟರ್ ಬಾಯಿಯ ಪೂರ್ತಿ ಮುಖವನ್ನು ಅಂದೇ ಮೊದಲು ಕಂಡೆ. ನನ್ನ ಗಂಡ ಅವರನ್ನು ಕೇಳಿದರು:

"ಮ್ಯಾಡಮ್, ಇವತ್ತ ನಮ್ಮಂಥಾವ್ರು ಇಬ್ಬರು ಬಂದ್ರ, ಒಂದ ಹಾಸಿಗಿ ಇದ್ರ, ಮೊದಲನೇ ದಿವಸ ಹೇಳಾಕ ಬರ್ತೈತೇನ್ರಿ ಯಾರಿಗೆ ಕೊಡಬೇಕಂತ?"

"ಮೊದಲಿಗಿಂತ ಸ್ವಲ್ಪ ಛಲೋ ಹೇಳಬಹುದ್ರಿ" ಎಂದರು ಅವರು. "ಖಾತ್ರಿ ಹೇಳಾಕ ಇನ್ನೂ ಬರೂದಿಲ್ಲ. ಎಷ್ಟ ಪರೀಕ್ಷಾ ಬಂದ್ರೂ, ರಿಪೋರ್ಟ್ ನಮ್ಮ ಮುಂದ ಬಂದ್ರ ಅಷ್ಟ ನಾವು ನೋಡೂದು." ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ಗಂಡ ನಗಲಿಲ್ಲ.

ಹೊರಗೆ ಬಂದು ಅವರು ಬೈಕಿನ ಸ್ಟ್ಯಾಂಡ್ ತೆಗೆದರು, ಆದರೆ ಕಿಕ್ ಹೊಡೆಯಲಿಲ್ಲ.

"ಆವತ್ತ ನನ್ನ ನಂಬರ್ ಕೆಟ್ಟು ಬಂದು ನಿಂದು ಛಲೋ ಬಂದಿದ್ರ, ನೀ ಏನ ಮಾಡ್ತಿದ್ದಿ?"

"ಅದ ತಾಸಿಗೆ ನಿಮ್ಮನ್ನ ಕರಕೊಂಡು ಹೋಗ್ತಿದ್ದೆ."

"ಮತ್ತ ನಿಂದು ಯಾಕ ಹೇಳಲಿಲ್ಲ?"

ನಿಮಗೆ ಹಾಸಿಗೆ ಸಿಗಲಿ ಎಂದು, ಎನ್ನಬಹುದಿತ್ತು. ಅದು ಕೇಳಲು ಚೆನ್ನಾಗಿತ್ತು. ಕಾಕಾಗೆ ಹೇಳಿದ್ದೂ ಅದೇ, ಒಂದು ವರ್ಷ ನನಗೆ ನಾನು ಹೇಳಿಕೊಂಡದ್ದೂ ಅದೇ. ಆದರೆ ಡಾಕ್ಟರು ಹಾಸಿಗೆ ಬೇಡ ಎಂದ ಮೇಲೂ ಇವರ ತೋಳು ಹಿಡಿದು ಮನೆಗೆ ಹೊರಟವಳು ನಾನು. ಅದನ್ನು ಇವರು ಕಣ್ಣಾರೆ ಕಂಡಿದ್ದರು. ಧಾರವಾಡದ ಕಡೆಯಿಂದ ಬಸ್ಸೊಂದು ಬಂದು ನಿಂತಿತು, ಜನ ಇಳಿದರು, ಬಸ್ಸು ಹೋಯಿತು. ಅವರು ಹ್ಯಾಂಡಲ್ ಹಿಡಿದುಕೊಂಡು ಕಾಯುತ್ತಲೇ ನಿಂತಿದ್ದರು.

"ಆ ನಂಬರಿಗೆ ಅಂಜಿದ್ದೆ ರೀ" ಎಂದೆ.

ಅವರು ತಲೆಯಾಡಿಸಿದರು. "ನಾನೂ ಅಂಜಿದ್ದೆ" ಎಂದು ಗಾಡಿ ಶುರು ಮಾಡಿದರು. ನಾನು ಹಿಂದೆ ಕೂತು ಅವರ ಭುಜ ಹಿಡಿದುಕೊಂಡೆ.